ಒಂದೇ ಸೌಟಿನ ಬಟನ್

ನಾನು ಮಾಡಿದ ಆ್ಯಪ್‌ನಲ್ಲಿ ತಪ್ಪಿದೆ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ಬುದ್ಧಿ. ಕ್ಷಮಾ ಫೋನ್ ಮಾಡಿದ ದಿನವೂ ಹಾಗೇ ಆಯಿತು.

ಕ್ಷಮಾ ಮತ್ತು ಅವಳ ಅತ್ತೆ ಗುಣವತ್ಯಕ್ಕ ಕುಂಭಾಶಿಯ ತಮ್ಮ ಮನೆಯಲ್ಲೇ ಅಡುಗೆ ಮಾಡಿ ಮಧ್ಯಾಹ್ನದ ಊಟದ ಡಬ್ಬಿಗಳನ್ನು ಬಸ್ಸಿನಲ್ಲಿ ಕಳಿಸುತ್ತಾರೆ. ಈ ಕಡೆ ಬೈಂದೂರು, ಆ ಕಡೆ ಬ್ರಹ್ಮಾವರ; ಬ್ಯಾಂಕಿನವರು, ಟೀಚರುಗಳು, ಅಂಗಡಿಯವರು ಇವರ ಗಿರಾಕಿಗಳು. ಮೊದಲು ಎಲ್ಲ ಲೆಕ್ಕವೂ ಗುಣವತ್ಯಕ್ಕನ ತಲೆಯಲ್ಲೇ ಇತ್ತು. ಗಿರಾಕಿಗಳು ಹೆಚ್ಚಾದ ಮೇಲೆ ಕ್ಷಮಾ ನನ್ನ ಹತ್ತಿರ ಆ್ಯಪ್ ಮಾಡಿಸಿದಳು. ಕುಂದಾಪುರದಲ್ಲಿ ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆಯೇ ನನ್ನ ಆಫೀಸು. ಅಲ್ಲಿ ಯಜಮಾನಿಯೂ ನಾನೇ, ಕೆಲಸದವಳೂ ನಾನೇ, ಬೈಸಿಕೊಳ್ಳುವವಳೂ ನಾನೇ.

ಆ್ಯಪ್ ಬಹಳ ಸರಳ. ಸ್ಕ್ರೀನಿನ ಮೇಲೆ ಒಬ್ಬರ ಹೆಸರು ಮತ್ತು ಊರು, ಕೆಳಗೆ ‘ಬಡಿಸಿದೆ’ ಎಂಬ ದೊಡ್ಡ ಹಸಿರು ಬಟನ್. ಡಬ್ಬಿ ತುಂಬಿ ಬಟನ್ ಒತ್ತಿದರೆ ಒಂದು ಸೌಟು ಬಂದು ಬಾಳೆಲೆಗೆ ಅನ್ನ ಹಾಕುತ್ತದೆ, ಆಮೇಲೆ ಮುಂದಿನವರ ಹೆಸರು ಸರಿದು ಬರುತ್ತದೆ. ಪೂರ್ತಿ ಊಟ ಹೇಳಿದವರಿಗೆ ಎರಡು ಸೌಟು, ಅರ್ಧ ಊಟದವರಿಗೆ ಒಂದು. ಆ ಸೌಟಿನ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

“ರಮಿತಾ, ನಿನ್ನ ಆ್ಯಪ್ ಎಂತ ಮಾಡ್ತ್ ಮಾರಾಯ್ತಿ?” ಎಂದಳು ಕ್ಷಮಾ. “ಬಸ್ ಹೋದ್ಮೇಲೆ ಕಂಡ್ರೆ ಮೇಜಿನ್ ಮೇಲೆ ಯಾರದ್ದೋ ಡಬ್ಬಿ ಖಾಲಿ ಉಳ್ದಿರತ್ತ್. ಫೋನಲ್ಲಿ ಕಂಡ್ರೆ ಎಲ್ಲರಿಗೂ ಬಡ್ಸಿ ಆಯ್ತ್ ಅಂದೇಳಿ ಇತ್ತ್.”

“ಬಟನ್ ತನ್ನಷ್ಟಕ್ಕೆ ಒತ್ತಿಕಣ್ತಿಲ್ಲೆ. ಯಾರೋ ಒತ್ತಿದ್ರ್,” ಎಂದೆ ನಾನು, ಸ್ವಲ್ಪ ಗಡುಸಾಗಿಯೇ.

“ಒತ್ತುದ್ ಅತ್ತೆ ಒಬ್ರೇ.”

ಆಮೇಲೆ ಅವಳು ದನಿ ತಗ್ಗಿಸಿ, “ಅತ್ತೆಗೆ ಮರೆವು ಶುರುವಾಯ್ತ್ ಕಾಣತ್ತ್. ಸೋಮವಾರದಿಂದ ಬಡ್ಸುಕೆ ಬೇರೆಯವ್ರನ್ನ ಕರೀತೆ. ಅವ್ರ್ ಆರಾಮ ಕೂಕಣ್ಲಿ,” ಎಂದಳು.

ಗುಣವತ್ಯಕ್ಕ ಆರಾಮಾಗಿ ಕೂತದ್ದನ್ನು ಆ ಊರಲ್ಲಿ ಯಾರೂ ಕಂಡಿಲ್ಲ. ಅವರನ್ನು ಬಡಿಸುವ ಮೇಜಿನಿಂದ ಎಬ್ಬಿಸುವುದೆಂದರೆ ‘ನಿಮ್ಮ ತಲೆ ಸರಿ ಇಲ್ಲ’ ಎಂದು ಮನೆಯವರೇ ಹೇಳಿದ ಹಾಗೆ. ಅದಕ್ಕೆ ಸಾಕ್ಷಿ ಹೇಳುತ್ತಿದ್ದದ್ದು ನನ್ನ ಆ್ಯಪ್. ಫೋನ್ ಇಟ್ಟ ಮೇಲೆ ನನ್ನ ಸಿಟ್ಟು ಇಳಿಯಿತು.

ಕೋಣೆಯಲ್ಲಿ ಕೂತು ಒತ್ತಿದ್ದೇ ಒತ್ತಿದ್ದು. ಪೂರ್ತಿ ಊಟದ ಹೆಸರುಗಳನ್ನು ಹಾಕಿಕೊಂಡು ಎಷ್ಟು ಪರೀಕ್ಷೆ ಮಾಡಿದರೂ ಒಂದು ಹೆಸರೂ ತಪ್ಪಲಿಲ್ಲ. ಕೊನೆಗೆ ಬಟನ್ ಯಾವ ಯಾವ ಕ್ಷಣದಲ್ಲಿ ಒತ್ತಿದರು ಎಂದು ಗುರುತಿಟ್ಟುಕೊಳ್ಳುವ ವ್ಯವಸ್ಥೆ ಮಾಡಿ ಅವರ ಫೋನಿಗೆ ಕಳಿಸಿದೆ. ಮರುದಿನ ನೋಡಿದರೆ ಕೆಲವು ಕಡೆ ಎರಡೆರಡು ಸಲ ಒತ್ತಿದ್ದಾರೆ. ಎರಡನೆಯ ಒತ್ತು ಹೊಸ ಸ್ಕ್ರೀನಿನ ಬಟನ್ ಮೇಲೆ ಬಿದ್ದಿದೆ. ಪಾಪ, ಮುಂದಿನವರಿಗೆ ಬಡಿಸದೆಯೇ ಬಡಿಸಿದ ಹಾಗಾಗಿದೆ.

ವಯಸ್ಸಾದ ಕೈ, ನಡುಗಿರಬೇಕು ಎಂದುಕೊಂಡೆ. ಸ್ಕ್ರೀನ್ ಸರಿಯುವಾಗ ಬಟನ್ ಕೆಲಸ ಮಾಡದ ಹಾಗೆ ತಡೆ ಹಾಕಿದೆ. ಪ್ರಯೋಜನವಾಗಲಿಲ್ಲ. ಎರಡನೆಯ ಒತ್ತು ಬರುತ್ತಿದ್ದದ್ದು ಸ್ಕ್ರೀನ್ ಸರಿದು ನಿಂತ ಮೇಲೆ, ಯಾವ ಅವಸರವೂ ಇಲ್ಲದೆ. ನಡುಗುವ ಕೈ ಅಷ್ಟು ಸಾವಧಾನವಾಗಿ ಒತ್ತುವುದಿಲ್ಲ. ಇದನ್ನು ಕ್ಷಮಾಗೆ ಹೇಳಿದರೆ ಅವಳ ಅನುಮಾನವೇ ಗಟ್ಟಿಯಾಗುತ್ತದೆ ಎಂದು ಹೇಳದೆ, ಶನಿವಾರ ಬಸ್ಸು ಹತ್ತಿ ಕುಂಭಾಶಿಗೆ ಹೋದೆ.

ಬೈಂದೂರಿನ ಡಬ್ಬಿಗಳು ತುಂಬುತ್ತಿದ್ದವು. ಗುಣವತ್ಯಕ್ಕ ಒಂದೊಂದು ಡಬ್ಬಿ ಮುಚ್ಚಿದ ಹಾಗೂ ಕ್ಷಮಾ ಅದನ್ನು ತೆಗೆದು ನೋಡಿ ಮತ್ತೆ ಮುಚ್ಚುತ್ತಿದ್ದಳು. ಗುಣವತ್ಯಕ್ಕ ತಲೆ ತಗ್ಗಿಸಿ ಮುಂದಿನ ಡಬ್ಬಿ ಎಳೆದುಕೊಳ್ಳುತ್ತಿದ್ದರು. ಎಷ್ಟು ಬೈಯುವ ಹೆಂಗಸು! ನನಗೆ ನೋಡಲಾಗಲಿಲ್ಲ. ಆ ಸರದಿಯಲ್ಲಿ ಎಲ್ಲರದ್ದೂ ಪೂರ್ತಿ ಊಟ, ಏನೂ ತಪ್ಪಲಿಲ್ಲ. ಬುಟ್ಟಿ ಎತ್ತಿಕೊಂಡು ಕ್ಷಮಾ ಹೆದ್ದಾರಿಯ ಕಡೆ ನಡೆದಳು.

ಆಮೇಲೆ ಬ್ರಹ್ಮಾವರದ್ದು. ಮಂಜಯ್ಯ ಎಂಬವರ ಹೆಸರು ಬಂತು, ಅರ್ಧ ಊಟ. ಗುಣವತ್ಯಕ್ಕ ಡಬ್ಬಿಗೆ ಸ್ವಲ್ಪ ಅನ್ನ ಹಾಕಿದರು, ಮತ್ತೂ ಚೂರು ಹಾಕಿದರು, ಮುಚ್ಚಿ ಬಟನ್ ಒತ್ತಿದರು. ಸೌಟು ಬಂದು ಒಂದು ಸಲ ಅನ್ನ ಹಾಕಿ ಹೋಯಿತು. ರತನ್ ಎಂಬ ಹೆಸರು ಸರಿದು ಬಂದು ನಿಂತಿತು. ಗುಣವತ್ಯಕ್ಕ ಸಾರಿನ ಪಾತ್ರೆಯ ಕಡೆ ತಿರುಗುತ್ತಲೇ ಹೆಬ್ಬೆರಳಿನಿಂದ ಮತ್ತೊಮ್ಮೆ ಒತ್ತಿದರು. ರತನ್ ಹೋದ. ಅವರು ತಿರುಗಿ ನೋಡುವಾಗ ಅನಿಷಾ ಎಂದಿತ್ತು. ಅನಿಷಾಳ ಡಬ್ಬಿಗೆ ಕೈ ಹಾಕಿದರು.

“ಗುಣವತ್ಯಕ್ಕ, ಈಗ ಎರಡ್ ಸಲ ಎಂತಕ್ ಒತ್ತಿದ್ರಿ?”

“ನಾನಾ? ಒಂದೇ ಸಲ ಒತ್ತಿದ್ದಲೆ.” ಅವರ ಮುಖ ಸಣ್ಣದಾಯಿತು. “ಹೌದಾ, ಎರಡ್ ಸಲ ಒತ್ತಿದ್ನಾ? ನಂಗೆ ಗೊತ್ತೇ ಆತಿಲ್ಲೆ ಮಗಾ.”

ಮಂಜಯ್ಯನ ಹೆಸರನ್ನು ವಾಪಸು ತಂದು, ಇನ್ನೊಮ್ಮೆ ಮಾಡಿ ಎಂದೆ. ಒತ್ತಿದರು. ಸೌಟು ಒಂದು ಸಲ ಹಾಕಿತು. ಅವರ ಹೆಬ್ಬೆರಳು ತನ್ನಷ್ಟಕ್ಕೆ ಮತ್ತೆ ಬಟನ್ ಕಡೆ ಹೊರಟಿತು. ನಾನು ಫಕ್ಕನೆ ಕೈ ಹಿಡಿದುಕೊಂಡೆ.

ಗುಣವತ್ಯಕ್ಕ ತಮ್ಮ ಹೆಬ್ಬೆರಳನ್ನು ನೋಡಿದರು, ಫೋನನ್ನು ನೋಡಿದರು. “ಅದ್ ಒಂದೇ ಸೌಟ್ ಹಾಕಿತಲ್ಲ,” ಎಂದರು ನಿಧಾನವಾಗಿ. “ಒಂದೇ ಸೌಟ್ ಹಾಕಿ ಬಿಡುಕಾಗ. ಬದ್ಕಿದ್ದವ್ರ ಎಲೆಗೆ ಯಾರಾರೂ ಒಂದೇ ಸೌಟ್ ಹಾಕ್ತ್ರಾ?”

ಯಾರೂ ಹಾಕುವುದಿಲ್ಲ. ಒಂದೇ ಸೌಟು ಸತ್ತವರ ಎಡೆಗೆ. ನಮ್ಮ ಮನೆಯಲ್ಲೂ ಸಾಕು ಸಾಕು ಎಂದು ಕೈ ಅಡ್ಡ ಹಿಡಿದವರಿಗೂ ಎರಡನೆಯ ಸಲಕ್ಕೆ ನಾಲ್ಕು ಅಗುಳಾದರೂ ಹಾಕದೆ ಬಿಡುವವರಿಲ್ಲ. ಆ ಶಾಸ್ತ್ರದಲ್ಲೇ ತಿಂದುಂಡು ಬೆಳೆದ ನಾನು, ಮಂಜಯ್ಯನವರ ಬಾಳೆಲೆಗೆ ದಿನಾ ಒಂದೇ ಸೌಟು ಹಾಕಿ ಕಳಿಸುತ್ತಿದ್ದೆ; ಎರಡನೆಯದನ್ನು ಹಾಕಲು ಗುಣವತ್ಯಕ್ಕನ ಹೆಬ್ಬೆರಳು ಹೊರಡುತ್ತಿತ್ತು. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.

ಅಲ್ಲೇ ಹೊಸ್ತಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಅರ್ಧ ಊಟಕ್ಕೂ ಎರಡು ಸಣ್ಣ ಸೌಟು ಮಾಡಿದೆ. ಮತ್ತೆ ಒತ್ತಿಸಿ ನೋಡಿದೆ. ಸೌಟು ಎರಡು ಸಲ ಹಾಕಿ ಹೋಯಿತು. ಹೆಬ್ಬೆರಳು ಅಲ್ಲಾಡಲಿಲ್ಲ. ರತನ್‌ನ ಹೆಸರು ಬಂದು ನಿಂತಿತು, ಗುಣವತ್ಯಕ್ಕ ಅವನ ಡಬ್ಬಿ ತೆಗೆದು ತುಂಬಿದರು.

“ಹಂಗಾರೆ ನಾ ಮರ್ತದ್ದಲ್ಲ,” ಎಂದರು, ನನ್ನ ಕಡೆ ನೋಡದೆ.

“ಅಲ್ಲ ಗುಣವತ್ಯಕ್ಕ. ತಪ್ಪು ನಂದ್.”

“ಕ್ಷಮಂಗೆ ನೀನೇ ಹೇಳ್. ನಾ ಹೇಳಿರೆ ನೆವ ಹೇಳ್ತ್ರ್ ಅಂದೇಳಿ ಕಾಣತ್ತ್ ಅವ್ಳಿಗೆ.”

ಅವರಿಗೆ ಎಷ್ಟು ನೋವಾಗಿತ್ತು ಎಂದು ನನಗೆ ಆಗ ಅರ್ಥವಾಯಿತು. ಬ್ರಹ್ಮಾವರದ ಡಬ್ಬಿಗಳೆಲ್ಲ ತುಂಬುವ ಹೊತ್ತಿಗೆ ಕ್ಷಮಾ ವಾಪಸು ಬಂದಳು. ನಡೆದದ್ದನ್ನೆಲ್ಲ ಹೇಳಿ, ಫೋನಿನಲ್ಲಿ ತೋರಿಸಿದೆ. ಬೈಯುತ್ತಾಳೆ ಎಂದು ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವಳು ಬೈಯಲಿಲ್ಲ. ಅಲ್ಲೇ ಮಣೆಯ ಮೇಲೆ ಕುಸಿದು ಕೂತು ಅಳತೊಡಗಿದಳು.

“ಎಂತಕ್ ಮರ್ಕುದ್ ನೀನ್?” ಗುಣವತ್ಯಕ್ಕ ಗದರಿದರು. “ನಂಗೆಂತ ಆಯ್ಲಿಲ್ಲೆ ಅಂದಲೆ ರಮಿತಾ ಹೇಳುದ್.”

“ನನ್ನಮ್ಮಂಗೂ ಹೀಂಗೇ ಶುರುವಾದ್ದ್ ಅತ್ತೆ,” ಎಂದಳು ಕ್ಷಮಾ. “ಮೊದ್ಲ್ ಹಾಲಿನವ್ನ ಹೆಸ್ರ್ ಮರ್ತೋಯ್ತ್. ಮತ್ತೆ ನೆರೆಮನೆಯವ್ರದ್ದ್. ಕಡೀಗೆ ನನ್ ಹೆಸ್ರೂ ಹೋಯ್ತ್. ಸಾಯುವರೆಗೂ ಅವ್ರ್ ನನ್ನ ಹೆಸ್ರ್ ಹಿಡ್ದ್ ಕರೀಲಿಲ್ಲೆ. ನೀವೂ ಹಂಗೇ ಮಾಡ್ತ್ರಿ ಅಂದೇಳಿ ದಿನಾ ಹೆದ್ರಿಕೆ ನಂಗೆ.”

ಗುಣವತ್ಯಕ್ಕ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಹೋದರು.

“ನಿನ್ನ ಹೆಸ್ರ್ ಹ್ಯಾಂಗ್ ಮರೂದ್ ಮಾರಾಯ್ತಿ? ಬೆಳಿಗ್ಗೆ ಎದ್ದಲ್ಲಿಂದ ಅದೇ ಹೆಸ್ರ್ ಹಿಡ್ದಲೆ ನಾ ಬೈಯುದ್.”

ಕ್ಷಮಾ ಅಳುತ್ತಲೇ ನಕ್ಕುಬಿಟ್ಟಳು. ಗುಣವತ್ಯಕ್ಕ ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡು, “ಕ್ಷಮಾ, ಮೂಗ್ ಒರ್ಸ್ಕೋ,” ಎಂದರು. ಬ್ರಹ್ಮಾವರದ ಬಸ್ಸಿಗೆ ಹೊತ್ತಾಗಿತ್ತು. ಇಬ್ಬರನ್ನೂ ಕರೆಯದೆ ನಾನೇ ಬುಟ್ಟಿ ಎತ್ತಿಕೊಂಡು ಹೊರಟೆ.