ನಾಲ್ಕಕ್ಕೆ ನಿಂತ ಮುಳ್ಳು

ನಾನು ಒಂದು ಮೈಕ್ರೋ ಆಮೀಟರ್. ಅಂಗೈಯಗಲದ ಕಪ್ಪು ಪೆಟ್ಟಿಗೆ, ಮೇಲೆ ಗಾಜು, ಒಳಗೆ ತೆಳ್ಳನೆಯ ಮುಳ್ಳು. ಸಣ್ಣದೊಂದು ಕಾರ್ಖಾನೆಯಲ್ಲಿ ಕನ್ನಡಕದ ಹೆಂಗಸೊಬ್ಬಳು ನನ್ನೊಳಗೆ ತಾಮ್ರದ ಎಳೆ ಸುತ್ತಿದಳು. ಬಲ್ಬು ಉರಿಸುವ ವಿದ್ಯುತ್ತನ್ನು ನಾನು ತಾಳಲಾರೆ. ಅದರ ಲಕ್ಷದಲ್ಲೊಂದು ಪಾಲು ಹರಿದರೆ ಸಾಕು, ಎಷ್ಟೆಂದು ಹೇಳಿಬಿಡುತ್ತೇನೆ.

ವಿಜಯಪುರದ ಕಾಲೇಜೊಂದರಲ್ಲಿ ಕಸ್ತೂರಿ ಬಡಿಗೇರ ಎಂಬ ಸಂಶೋಧಕಿಯ ಕೈಗೆ ನಾನು ಸೇರಿದೆ. ಅವಳು ಗಾಜಿನ ತುಂಡಿಗೆ ಕಬ್ಬಿಣದ ತುಕ್ಕನ್ನು ತೆಳ್ಳಗೆ ಲೇಪಿಸಿ, ಕುಲುಮೆಯಲ್ಲಿ ಸುಟ್ಟು, ಕ್ಷಾರದ ನೀರಿನಲ್ಲಿ ಮುಳುಗಿಸುತ್ತಿದ್ದಳು. ಬ್ಯಾಟರಿಯ ಸಣ್ಣ ಆಸರೆ ಕೊಟ್ಟರೆ, ಬಿಸಿಲು ಬಿದ್ದಾಗ ಆ ತುಕ್ಕು ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯುತ್ತದೆ. ಆಗ ಹರಿಯುವ ವಿದ್ಯುತ್ತನ್ನು ನಾನು ಅಳೆಯಬೇಕು. ಎಷ್ಟು ಸಲ ಅಳೆದರೂ ನಾಲ್ಕೇ ಮೈಕ್ರೋ ಆಂಪಿಯರ್.

ಅವಳ ಮಾರ್ಗದರ್ಶಕ ಪ್ರೊಫೆಸರ್ ಇನಾಮದಾರರಿಗೆ ಅದು ಸಾಲಲಿಲ್ಲ.

"ನಾಲ್ಕಂದ್ರ ಯಾವ ಪತ್ರಿಕಿಯವರು ಛಾಪಸ್ತಾರವಾ? ಮುಂದೊಂದು ಸೊನ್ನಿ ಹಾಕಿ ನಲವತ್ತು ಮಾಡು."

"ಮುಳ್ಳು ನಾಲ್ಕಕ್ಕ ನಿಂತೈತ್ರಿ ಸರ್. ನಾಲ್ಕಂತನ ಬರೀತೀನ್ರಿ."

"ಹಂಗಾರ ಮೀಟರ್ ಕೆಟ್ಟೈತಿ."

ನಾನು ಕೆಟ್ಟಿರಲಿಲ್ಲ. ಅವರು ಹೊಸ ಡಿಜಿಟಲ್ ಮೀಟರ್ ತರಿಸಿದರು. ಕೆಂಪು ಅಂಕಿಯಲ್ಲಿ ಅದೂ ನಾಲ್ಕು ಎಂದಿತು. ಪ್ರೊಫೆಸರರು ಅದರ ಸ್ವಿಚ್ಚು ಆರಿಸಿ, ಅವಳ ಪಿಎಚ್‌ಡಿ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದು ಹೇಳಿ ಹೊರಟುಹೋದರು.

ಕಸ್ತೂರಿ ಬೇರೆ ಮಾರ್ಗದರ್ಶಕರನ್ನು ಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆದಳು. ಅದಕ್ಕೆ ಎರಡು ವರ್ಷ ಹಿಡಿಯಿತು. ಅಷ್ಟೂ ದಿನ ಬೆಳಿಗ್ಗೆ ಹೈಸ್ಕೂಲಿನಲ್ಲಿ ಪಾಠ ಮಾಡಿ, ಮಧ್ಯಾಹ್ನದ ಬಿಸಿಲಿಗೆ ಸರಿಯಾಗಿ ನನ್ನ ಮುಂದೆ ಬಂದು ಕೂರುತ್ತಿದ್ದಳು.

ಕೊನೆಗೆ ಹೊಸ ಮಾರ್ಗದರ್ಶಕರು ಪ್ರಬಂಧಕ್ಕೆ ಸಹಿ ಹಾಕಿದರು. ಮೌಖಿಕ ಪರೀಕ್ಷೆಗೆ ಮೈಸೂರಿನಿಂದ ವಯಸ್ಸಾದ ಪರೀಕ್ಷಕರೊಬ್ಬರು ಬಂದರು. ಹಿಂದಿನ ಸಾಲಿನಲ್ಲಿ ಇನಾಮದಾರರೂ ಕುಳಿತಿದ್ದರು.

"ಓದಿದ್ದಾಯ್ತು, ಈಗ ಮಾಡಿ ತೋರಿಸಮ್ಮ," ಎಂದರು ಪರೀಕ್ಷಕರು.

ಅವಳು ಕಿಟಕಿ ತೆರೆದಳು. ಬಿಸಿಲು ಬಿದ್ದೊಡನೆ ನಾನು ನಾಲ್ಕು ತೋರಿಸಿದೆ. ತುಕ್ಕಿನ ಗಾಜಿಗೆ ಕಪ್ಪು ಬಟ್ಟೆ ಮುಚ್ಚಿದಳು. ನಾನು ಸೊನ್ನೆಗಿಳಿದೆ.

"ಬಿಸಿಲಿನ ಕಾವಿಗೂ ಹೀಗಾಗಬಹುದಲ್ಲ?"

"ನೋಡ್ರಿ ಸರ್," ಎಂದು ಅವಳು ಬಟ್ಟೆ ತೆಗೆಯದೆ ನೀರನ್ನು ಬಿಸಿ ಮಾಡಿದಳು. ಹಬೆಯೆದ್ದಿತು. ನಾನು ಅಲುಗಲಿಲ್ಲ.

"ಕಾವಲ್ಲ, ಬೆಳಕೇ. ಕಡಿಮೆ ಇದ್ರೂ ನಿಜ ಇದೆ," ಎಂದು ಪರೀಕ್ಷಕರು ಸಹಿಗೆ ಪೆನ್ನು ತೆಗೆದರು. ಇನಾಮದಾರರು ಚಹಾಕ್ಕೆ ನಿಲ್ಲಲಿಲ್ಲ.

ಕಸ್ತೂರಿ ಕಾಲೇಜು ಅಧ್ಯಾಪಕಿಯಾಗಿ ಬೇರೆ ಊರಿಗೆ ಹೋದಳು. ಕಂಪ್ಯೂಟರಿಗೆ ಜೋಡಿಸುವ ಯಂತ್ರಗಳು ಬಂದ ಮೇಲೆ ನನ್ನನ್ನು ಗುಜರಿಗೆ ಹಾಕಿದರು. ಈಗ ನನ್ನ ಗಾಜು ಒಡೆದಿದೆ. ಗುಜರಿ ಅಂಗಡಿಯ ಲಾಡ್ಲೇಸಾಬ ಬೇಸರವಾದಾಗ ನನ್ನ ಮುಳ್ಳನ್ನು ಬೆರಳಿನಿಂದ ಕೊನೆಯ ಅಂಕಿಗೆ ತಳ್ಳಿ ಹಿಡಿಯುತ್ತಾನೆ. ಹಿಡಿದಷ್ಟು ಹೊತ್ತು ಅದು ಅವನ ಅಂಕಿ. ಬೆರಳು ತೆಗೆದ ಕ್ಷಣ ನಾನು ಸೊನ್ನೆಗೆ ಮರಳುತ್ತೇನೆ.