ಪಂಪುಮನೆಯ ಸುಣ್ಣ

ಮೊಮ್ಮಗಳು ಅಡುಗೆಮನೆಯ ಚಾಕುವಿನಿಂದ ಪಂಪುಮನೆಯ ಗೋಡೆ ಕೆರೆಯುತ್ತಿದ್ದಳು. ಊರಿಗೆಲ್ಲ ನೀರು ಕೊಟ್ಟ ಈ ಕಟ್ಟಡಕ್ಕೆ ನೂರು ವರ್ಷ ತುಂಬಿದ್ದರೆ ಸರ್ಕಾರದವರು ಉಳಿಸುತ್ತಾರೆ, ಇಲ್ಲದಿದ್ದರೆ ಕೆಡವುತ್ತಾರೆ. ಅವಳು ಅಂಬೆಗಾಲಿಟ್ಟಿದ್ದು ಈ ನೆಲದ ಮೇಲೆಯೇ. ಕಾಗದಪತ್ರಗಳನ್ನು ಗೆದ್ದಲು ತಿಂದಾಗಿತ್ತು. ಆದರೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು ಇಲ್ಲಿಯ ಪದ್ಧತಿ. ಒಂದು ವರ್ಷ ಬಿಳಿ, ಮರುವರ್ಷ ನೀಲಿ. ಹಾಗಾಗಿ ಪದರ ಎಣಿಸಿದರೆ ವಯಸ್ಸು ಸಿಗುತ್ತಿತ್ತು.

ನಲವತ್ತು ವರ್ಷ ಇಲ್ಲಿ ಪಂಪು ನಡೆಸಿದ್ದ ತಾತ ಸ್ಟೂಲಿನ ಮೇಲೆ ಕೂತಿದ್ದ.

"ತೊಂಬತ್ತೇಳು. ಮೂರು ಕಮ್ಮಿ ಬಿತ್ತು, ತಾತ."

"ಸರಿಯಾಗಿ ಎಣಿಸೇ."

"ಮೂರು ಸಲ ಎಣಿಸಿದೆ."

ತಾತ ತಲೆ ಕೆರೆದುಕೊಂಡ. "ನಿಮ್ಮಜ್ಜಿ ಕಿವಿಗೆ ಹಾಕಬೇಡ. ಮೂರು ವರ್ಷ ನಾನು ಬಳಿದೇ ಇಲ್ಲ ಕಣೇ. ಸೋಮಾರಿತನ. ಬಳಿದೆ ಅಂತ ಪುಸ್ತಕದಲ್ಲಿ ಬರೆದುಬಿಟ್ಟೆ."

ಅವಳು ನಗು ತಡೆದುಕೊಂಡಳು. ಒಂದು ವರ್ಷವೂ ತಪ್ಪಿಸಿದವನಲ್ಲ ಎಂದು ಊರೆಲ್ಲ ಡಂಗುರ ಹೊಡೆದವನು ಇವನೇ.

ಹೊರಗೆ, ಕಟ್ಟಡದ ವಯಸ್ಸು ನೋಡಲು ಬರಬೇಕಿದ್ದ ಎಂಜಿನಿಯರ್ ಸಾಹೇಬರ ಜೀಪು ಬಂದು ನಿಂತಿತು. ಜೊತೆಗೆ ತಾತನ ಹಳೇ ಗೆಳೆಯರಿಬ್ಬರು ಇಳಿದರು. ತಾತ ಟವೆಲ್ಲಿನಿಂದ ಪಂಪಿನ ಚಕ್ರ ಒರೆಸತೊಡಗಿದ.

"ತಾತ, ಈಗ ಹೇಳಿದ್ದನ್ನೇ ಅವರ ಮುಂದೆಯೂ ಹೇಳು," ಎಂದಳು.