ಮೂರನೆಯ ಗುಂಡಿ

ಎರಡು ಗುಂಡಿ ಕೂತಿದ್ದವು. ಮೂರನೆಯದು ರೇಡಿಯೋ ರಿಪೇರಿಯ ದಿಲಾವರನ ಬೆವರಿಳಿಸುತ್ತಿತ್ತು.

ಐಮಂಗಲದ ಸಿದ್ದಕ್ಕನ ಪಡಸಾಲೆಯಲ್ಲಿದ್ದದ್ದು ಕಾರಿನ ರೇಡಿಯೋ. ಹೆದ್ದಾರಿಯಲ್ಲಿ ಮಗುಚಿದ ಯಾವುದೋ ಅಂಬಾಸಿಡರಿನದನ್ನು ಕೊಂಡು ತಂದ ಮಗ ಓಬಣ್ಣ, ಮರದ ಪೆಟ್ಟಿಗೆಗೆ ಕೂರಿಸಲು ದಿಲಾವರನಿಗೇ ಕೊಟ್ಟಿದ್ದ. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಎಪ್ಪತ್ತನಾಲ್ಕನೇ ಇಸವಿಯ ಲೈಸೆನ್ಸೂ ಆಗಿತ್ತು. ಮುಂಭಾಗದಲ್ಲಿ ಐದು ಬಿಳಿ ಗುಂಡಿಗಳು. ಗುಂಡಿಯನ್ನು ಹೊರಗೆಳೆದು, ತಿರುಪು ತಿರುಗಿಸಿ ಸ್ಟೇಷನ್ ಹಿಡಿದು, ಗಟ್ಟಿಯಾಗಿ ಒಳಗೆ ಒತ್ತಿಬಿಟ್ಟರೆ ಮುಗಿಯಿತು. ಮುಂದೆ ಅದನ್ನು ಒತ್ತಿದಾಗಲೆಲ್ಲ ಮುಳ್ಳು ತಾನಾಗಿ ಅಲ್ಲಿಗೇ ಓಡುತ್ತದೆ. ಕಣ್ಣಿಗೆ ಪೊರೆ ಬಂದು ಏನೂ ಕಾಣದ ಸಿದ್ದಕ್ಕನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ನಾಳೆ ಓಬಣ್ಣ ಕುರಿ ಹೊಡೆದುಕೊಂಡು ಹೊರಟರೆ ಮೂರು ತಿಂಗಳು ಈ ಕಡೆ ಬರುವುದಿಲ್ಲ.

ಹಿರಿಯೂರಿನ ತನ್ನ ಅಂಗಡಿಯಲ್ಲಾಗಿದ್ದರೆ ದಿಲಾವರ್ ಹೆದರುತ್ತಿರಲಿಲ್ಲ. ಅಲ್ಲಿಗೆ ಬರುವ ದೊಡ್ಡ ರೇಡಿಯೋಗಳಲ್ಲಿ ಕಣ್ಣಿನಂಥ ಹಸಿರು ದೀಪವಿರುತ್ತದೆ. ಸ್ಟೇಷನ್ ಸರಿಯಾಗಿ ಸಿಕ್ಕರೆ ಅದೇ ತೋರಿಸುತ್ತದೆ. ಹೋದ ಮಳೆಗಾಲದಿಂದ ಅವನು ಆ ದೀಪ ನೋಡಿಕೊಂಡೇ ಕಸುಬು ನಡೆಸಿದ್ದ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಪಕ್ಕದಲ್ಲಿ ಕೂತವರ ಮಾತು ಕೇಳುತ್ತಿತ್ತು, ಅಷ್ಟೆ. ವಿಷಯ ಗೊತ್ತಿದ್ದದ್ದು ಹೆಂಡತಿ ಜಹೀರಾಳಿಗೆ ಮಾತ್ರ. ಕಿವಿ ಕೇಳದವನ ಹತ್ತಿರ ರೇಡಿಯೋ ರಿಪೇರಿಗೆ ಯಾರು ತರುತ್ತಾರೆ?

ಭದ್ರಾವತಿ, ಬೆಂಗಳೂರು ಸ್ಟೇಷನ್‌ಗಳು ಜೋರಾಗಿ ಬರುವಂಥವು. ಸ್ಪೀಕರಿನ ಬಟ್ಟೆಯ ಮೇಲೆ ಬೆರಳಿಟ್ಟು, ಅದುರುವುದನ್ನು ನೋಡಿ ಹೇಗೋ ಕೂರಿಸಿದ್ದ. ಧಾರವಾಡ ಹಗಲಲ್ಲಿ ಸಣ್ಣಗೆ ಬರುತ್ತದೆ. ಸಿದ್ದಕ್ಕನಿಗೆ ಮುಖ್ಯವಾಗಿ ಬೇಕಾದದ್ದೇ ಧಾರವಾಡ. ಮಗಳನ್ನು ಆ ಕಡೆ ಕೊಟ್ಟಿದ್ದಳು. ಅಲ್ಲಿನ ಮಾತು ಕಿವಿಗೆ ಬಿದ್ದರೆ ಸಾಕು ಎನ್ನುತ್ತಿದ್ದಳು. ದಿಲಾವರನ ಬೆರಳಿಗೆ ಎಲ್ಲ ಕಡೆಯೂ ಒಂದೇ ಅದುರು. ದೇವರ ಮೇಲೆ ಭಾರ ಹಾಕಿ ಒಂದು ಕಡೆ ನಿಲ್ಲಿಸಿ ಗುಂಡಿ ಒತ್ತಿದ.

"ಹಿಡೀತು ನೋಡಕ್ಕ," ಎಂದ.

ಮಾಳಿಗೆಯ ಮೇಲೆ ಏರಿಯಲ್ ತಂತಿ ಹಿಡಿದು ನಿಂತಿದ್ದ ಓಬಣ್ಣ ಬೆಳಕಿಂಡಿಯಿಂದ ಕೂಗಿದ: "ಧಾರವಾಡ ಬಂತೇನ್ರಿ ಸಾಬ್ರೆ?"

ದಿಲಾವರ್ ತಲೆ ಎತ್ತಲಿಲ್ಲ.

"ಸಾಬ್ರೇ! ತಂತಿ ಕಟ್ಲೋ ಬ್ಯಾಡ್ವೋ?"

ಪೆಟ್ಟಿಗೆಯಿಂದ ಬರೀ ಕುಂಯ್ ಎನ್ನುವ ಸದ್ದು ಬರುತ್ತಿತ್ತು. ಸಿದ್ದಕ್ಕ ಮೇಲಕ್ಕೆ ಮುಖ ಮಾಡಿ, "ತಡಿಯಲೇ, ಇನ್ನೂ ಹಿಡೀತಾ ಅವ್ರೆ!" ಎಂದು ಕೂಗಿದಳು.

ಆ ಕೂಗು ದಿಲಾವರನಿಗೆ ಕೇಳಿಸಿತು. ಮೇಲಿನಿಂದ ಮಗ ಕರೆದಿದ್ದಾನೆ, ತನಗೆ ಗೊತ್ತೇ ಆಗಿಲ್ಲ. ಇವಳು ಮಗನಿಗೆ ಹೇಳುತ್ತಾಳೆ, ಅವನು ರಸ್ತೆಯ ಹೋಟೆಲಿನಲ್ಲಿ ಹೇಳುತ್ತಾನೆ, ಸಂಜೆಯ ಬಸ್ಸಿಗೆ ಸುದ್ದಿ ಹಿರಿಯೂರು ಮುಟ್ಟುತ್ತದೆ.

ಸಿದ್ದಕ್ಕ ಗೋಡೆ ಸವರಿಕೊಂಡು ಬಂದು ಅವನ ಬಲಗಡೆ ಕೂತಳು.

"ಎಷ್ಟ್ ದಿನದಿಂದ ಹಿಂಗೆ?" ಎಂದು ಕಿವಿಯ ಹತ್ತಿರ ಕೇಳಿದಳು.

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಹೋದ ಮಳೆಗಾಲದಿಂದ, ಅಕ್ಕ. ಯಾರ್ಗೂ..."

"ಗುಂಡಿ ಎಳಿಯಪ್ಪ ಮತ್ತೆ." ಅವಳ ಒರಟು ಕೈ ತಡಕಾಡಿ ಅವನ ಮಣಿಕಟ್ಟನ್ನು ಹಿಡಿಯಿತು. "ನಿಧಾನಕ್ಕೆ ತಿರುಗ್ಸು. ನಾನ್ ಅದುಮಿದ್ ಕಡೆ ನಿಲ್ಸು."

ಅವನು ತಿರುಗಿಸಿದ. ಅವಳ ಬೆರಳುಗಳು ಸುಮ್ಮನಿದ್ದವು. ಇನ್ನೂ ಸ್ವಲ್ಪ. ಬೆರಳು ಬಿಗಿಯಾದವು, ಮತ್ತೆ ಸಡಿಲವಾದವು. ಅವನು ಮುಂದೆ ಹೋಗಿಬಿಟ್ಟಿದ್ದ. ಕೂದಲೆಳೆಯಷ್ಟು ಹಿಂದಕ್ಕೆ ತಂದ. ಅವಳು ಗಟ್ಟಿಯಾಗಿ ಅದುಮಿದಳು. ಅವನು ಗುಂಡಿ ಒತ್ತಿದ.

ಓಬಣ್ಣ ಇಳಿದು ಬಂದು ಮೂರನ್ನೂ ಒತ್ತಿ ನೋಡಿದ. ಮೂರನೆಯದರಲ್ಲಿ ಹೆಂಗಸೊಬ್ಬಳು ಧಾರವಾಡದ ಕಡೆಯ ಮಾತಿನಲ್ಲಿ ರೊಟ್ಟಿ ಬಡಿಯುವ ವಿಚಾರ ಹೇಳುತ್ತಿದ್ದಳು.

"ಸಾಬ್ರ ಕಿವಿ ಅಂದ್ರೆ ಕಿವಿ! ಏನವ್ವ?"

ದಿಲಾವರ್ ತನ್ನ ಸಾಮಾನು ಚೀಲಕ್ಕೆ ತುಂಬತೊಡಗಿದ.

"ಹೂಂ ಕಣಪ್ಪ," ಎಂದಳು ಸಿದ್ದಕ್ಕ. "ಇನ್ನೆಲ್ಡು ಗುಂಡಿ ಉಳ್ದವೆ. ಬ್ಯಾಟರಿ ಬದಲ್ಸಾಕೆ ಸಾಬ್ರು ಹೆಂಗೂ ತಿಂಗ್ಳಿಗೊಂದ್ಸಲ ಬರ್ತಾರಲ್ಲ, ಆವಾಗ ಕೂರ್ಸಿದ್ರಾತು."

ಬಸ್ಸಿಗೆ ಹೊರಟವನು ರಸ್ತೆ ತಿರುವಿನಲ್ಲಿ ನಿಂತು, ಹೊಸ್ತಿಲಲ್ಲಿ ಕೂತಿದ್ದ ಅವಳತ್ತ ಕೈ ಎತ್ತಿದ. ಅವಳಿಗೆ ಕಾಣುವುದಿಲ್ಲ ಎಂದು ಆಮೇಲೆ ನೆನಪಾಯಿತು. ಹಿಂದಿರುಗಿ ಬಂದ. ಬಗ್ಗಿ ಅವಳ ಮಣಿಕಟ್ಟು ಹಿಡಿದು, ಒಂದು ಸಲ ಗಟ್ಟಿಯಾಗಿ ಅದುಮಿ ಹೋದ.